ಬೀಗದ ಪಿಕ್ಚರ್ ಮತ್ತು ಕೊನೇ ಬಸ್ಸು

ನಮ್ಮ ಭಾವ ಮಾಡಿಕೊಟ್ಟ ಕೀಗಳು ಯಾವ ಬೀಗವನ್ನೂ ತೆಗೆಯುವುದಿಲ್ಲ ಎಂದು ಜನ ಆಡಿಕೊಳ್ಳುವುದು ಶುದ್ಧ ಸುಳ್ಳು. ತೆಗೆಯುತ್ತವೆ. ಯಾವ ಬೀಗಕ್ಕೆಂದು ಮಾಡಿದರೋ ಅದೊಂದನ್ನು ಬಿಟ್ಟು ಬೇರೆ ಯಾವುದನ್ನು ಬೇಕಾದರೂ ತೆಗೆಯುತ್ತವೆ. ನನ್ನ ಬೀರುವಿಗೆಂದು ಅವರು ಉಜ್ಜಿಕೊಟ್ಟ ಕೀ ಬೀರುವಿನಲ್ಲಿ ಅರ್ಧ ಸುತ್ತೂ ತಿರುಗಲಿಲ್ಲ. ಎದುರುಮನೆ ಟೀಚರಮ್ಮನ ಮುಂಬಾಗಿಲನ್ನು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯಿತು. ಅದು ನನಗೆ ಹೇಗೆ ಗೊತ್ತಾಯಿತು ಎಂದು ಟೀಚರಮ್ಮನಿಗೆ ವಿವರಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇಂಥ ಭಾವ ಈ ಕಸುಬಿಗೆ ಬಂದದ್ದು ಒಂದು ಸಿನಿಮಾದಿಂದ. ಅವರಿನ್ನೂ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗತನದಲ್ಲಿ, ನಮ್ಮೂರಿನ ಒಂದೇ ಒಂದು ಟಾಕೀಸಿನಲ್ಲಿ ಅದು ನೂರು ದಿನ ಓಡಿತ್ತು. ಅದಕ್ಕೊಂದು ಉದ್ದನೆಯ ಹೆಸರಿತ್ತಂತೆ. ನಮ್ಮೂರಿನವರು ಯಾರೂ ಆ ಹೆಸರು ಹಿಡಿದು ಕರೆದವರಲ್ಲ, ಎಲ್ಲರ ಬಾಯಲ್ಲೂ ಅದು ‘ಬೀಗದ ಪಿಕ್ಚರ್’. ಮಾಡದ ತಪ್ಪಿಗೆ ಜೈಲು ಸೇರಿದ ನಾಯಕ, ಅವನನ್ನು ಬಿಡಿಸಲು ಪಿಕ್ಚರ್ ಪೂರ್ತಿ ಕೋರ್ಟು ಕಚೇರಿ ಅಲೆಯುವ ಹೆಂಡತಿ. ಕೊನೆಗೆ ಪರದೆ ತುಂಬ ಒಂದೇ ಒಂದು ಬೀಗ. ಕೀ ಒಳಗೆ ಹೋಗುತ್ತದೆ, ತಿರುಗುತ್ತದೆ, ಕಟಕ್ ಅನ್ನುತ್ತದೆ. ಜೈಲಿನ ಗೇಟು ತೆರೆಯುತ್ತದೆ, ನಾಯಕನ ಮುಖದ ಮೇಲೆ ಬೆಳಕು ಬೀಳುತ್ತದೆ, ಆಚೆ ಹೆಂಡತಿ ನಿಂತಿದ್ದಾಳೆ. ಅಷ್ಟೇ. ಪರದೆಯ ಮೇಲೆ ‘ದಯವಿಟ್ಟು ಮತ್ತೆ ಬನ್ನಿ’ ಎಂಬ ಸ್ಲೈಡು ಬರುತ್ತದೆ.

ಆ ಕಟಕ್ ಕೇಳಿದಾಗ ಇಡೀ ಟಾಕೀಸು ಒಟ್ಟಿಗೆ ಉಸಿರು ಬಿಡುತ್ತಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಹೇಳುವಾಗ ಅವರ ದನಿ ತಾನಾಗಿಯೇ ಇಳಿಯುತ್ತದೆ, ಮಲಗಿದ ಮಗುವಿನ ಪಕ್ಕ ಮಾತಾಡುವವರ ಹಾಗೆ. ಭಾವನಂತೂ ಅದನ್ನು ನೋಡಿದ ಮರುದಿನವೇ ಗಿರಣಿ ಬಿಟ್ಟು ಕೀ ಉಜ್ಜುವ ಒಂದು ಅರ ಕೊಂಡರು. ಅದೇ ಟಾಕೀಸಿನ ಮೆಟ್ಟಿಲಡಿಯ ಗೂಡಿನಲ್ಲಿ ಡೂಪ್ಲಿಕೇಟ್ ಕೀ ಅಂಗಡಿ ಇಟ್ಟರು. ಅಲ್ಲಿಂದ ಇವತ್ತಿನವರೆಗೆ ಅಂಗಡಿಗೆ ಬಂದವರಿಗೆಲ್ಲ ಒಂದೇ ಮಾತು: “ಬೀಗದ ಪಿಕ್ಚರ್ ನೂರು ದಿನ ಓಡ್ತು. ನಾನು ನೂರು ದಿನಾನೂ ನೋಡಿದೀನಿ.”

“ನಾಲ್ಕು ಸಲ,” ಎಂದು ಅಕ್ಕ ಮನೆಯಲ್ಲಿ ತಿದ್ದುತ್ತಿದ್ದಳು. “ಅದ್ರಲ್ಲಿ ಎರಡು ಸಲ ನಿದ್ದೆ.”

ಮನೆಯೊಳಗೆ ಹೇಳಿದ್ದು ಅಂಗಡಿಯವರೆಗೆ ಕೇಳಿಸುತ್ತದೆಯೇ? ಕೇಳಿಸಲಿಲ್ಲ. ನೂರು ಸಲ ನೋಡಿದ ಮನುಷ್ಯ ಎಂದು ಊರು ಅವರನ್ನು ನಂಬಿತು. ಕಾಲ ಕಳೆದಂತೆ ಅವರೇ ಅದನ್ನು ನಂಬಿದರು.

ಹೀಗಿರುವಾಗ ಟಾಕೀಸಿಗೆ ಗ್ರಹಚಾರ ಬಂತು. ಜನ ಬರುವುದು ನಿಂತು, ಸಂಜೆಗೊಂದು ಆಟ ನಡೆಯುವುದೇ ಹೆಚ್ಚಾಗಿತ್ತು. ಒಂದು ದಿನ ಸಿಮೆಂಟ್ ವ್ಯಾಪಾರಿಯೊಬ್ಬರು ಅಳತೆಯ ಟೇಪು ಹಿಡಿದು ಬಂದು ಪರದೆಯಿಂದ ಬಾಗಿಲವರೆಗೆ ಅಳೆದರು. ಟಾಕೀಸನ್ನು ಕೊಂಡು ಗೋದಾಮು ಮಾಡುತ್ತಾರಂತೆ. ಅಳೆಯುತ್ತ ಅಳೆಯುತ್ತ ಮೆಟ್ಟಿಲಡಿಗೂ ಬಂದು ಭಾವನ ಗೂಡಿನೊಳಗೆ ಟೇಪು ತೂರಿಸಿ, “ಇಲ್ಲಿ ಖಾಲಿ ಚೀಲ ಇಡಬಹುದು,” ಎಂದರು. ಭಾವ ಆಗ ಒಳಗೇ ಕೂತಿದ್ದರು. ಟೇಪಿನವರು ಅವರ ಮೊಣಕಾಲನ್ನೂ ಸೇರಿಸಿ ಅಳೆದುಕೊಂಡು ಹೋದರು.

ಟಾಕೀಸಿನ ಯಜಮಾನರು ಮೆತ್ತನೆಯ ಮನುಷ್ಯ. “ಇನ್ನೊಂದೇ ಒಂದು ಪಿಕ್ಚರ್ ನೋಡ್ತೀನಪ್ಪ,” ಎಂದರು ಭಾವನಿಗೆ. “ಬೀಗದ ಪಿಕ್ಚರನ್ನ ರಿಮೇಕ್ ಮಾಡ್ತಾರಂತೆ. ಅದು ಓಡಿದ್ರೆ ಟಾಕೀಸು ಉಳೀತು. ಇಲ್ಲಾಂದ್ರೆ ನೀನೂ ಬೇರೆ ಜಾಗ ನೋಡ್ಕೋ.”

ಗೂಡು ಹೋದರೆ ಭಾವನಿಗೆ ಬೇರೆ ಜಾಗವಿರಲಿಲ್ಲ. ಅವರ ಕೀಗಳ ಕೀರ್ತಿ ಬಲ್ಲವರು ಯಾರೂ ಅವರಿಗೆ ಅಂಗಡಿ ಬಾಡಿಗೆಗೆ ಕೊಡುವಂತಿರಲಿಲ್ಲ.

ಅದಾಗಿ ವಾರದೊಳಗೆ ಊರಿಗೆ ಒಬ್ಬರು ಟೋಪಿಯವರು ಬಂದರು. ಆ ರಿಮೇಕ್ ತೆಗೆಯುವ ಕಂಪನಿಯವರು, ನಿರ್ದೇಶಕರ ಕೈಕೆಳಗಿನವರು. ಬಿಸಿಲಿರಲಿ ನೆರಳಿರಲಿ ತಲೆಯ ಟೋಪಿ ತೆಗೆಯುತ್ತಿರಲಿಲ್ಲ. ಅವರು ಹೇಳಿದ ಸಂಗತಿ ಕೇಳಿ ಯಜಮಾನರು ಕುರ್ಚಿಯಿಂದ ಎದ್ದು ನಿಂತರು. ಬೀಗದ ಪಿಕ್ಚರ್ ಬೇರೆ ಎಲ್ಲ ಊರುಗಳಲ್ಲೂ ಮೂರೇ ದಿನಕ್ಕೆ ಮಕಾಡೆ ಮಲಗಿತ್ತಂತೆ. ನೂರು ದಿನ ಓಡಿದ್ದು ಇಡೀ ಲೋಕದಲ್ಲಿ ನಮ್ಮೂರಿನಲ್ಲಿ ಮಾತ್ರ.

“ನಮ್ಮ ನಿರ್ಮಾಪಕರಿಗೆ ರಾತ್ರಿ ನಿದ್ದೆ ಬರ್ತಿಲ್ಲ ಸಾರ್,” ಎಂದರು ಟೋಪಿಯವರು. “ಎಲ್ಲ ಕಡೆ ಬಿದ್ದ ಪಿಕ್ಚರ್ ಇಲ್ಲಿ ಹೇಗೆ ನಿಂತಿತು? ಆ ಗುಟ್ಟು ಸಿಕ್ಕಿದ್ರೆ ರಿಮೇಕ್ ಎಲ್ಲ ಕಡೆ ನೂರು ದಿನ.”

ಯಜಮಾನರು ಅವರನ್ನು ಸೀದಾ ಮೆಟ್ಟಿಲಡಿಗೆ ಕರೆತಂದು ಭಾವನ ಮುಂದೆ ಕೂರಿಸಿದರು. ನಾನೂ ಅಲ್ಲೇ ಇದ್ದೆ. ಟೋಪಿಯವರು ಗೂಡಿನಲ್ಲಿ ಜಾಗ ಸಾಲದೆ ಬೀಗದ ಡಬ್ಬದ ಮೇಲೆ ಕೂತು ಕೇಳಿದರು:

“ನೂರು ಸಲ ನೋಡಿದೀರಂತೆ?”

“ಒಂದೂ ತಪ್ಪಿಸಿಲ್ಲ ಸಾರ್.”

“ಜನಕ್ಕೆ ಯಾವುದು ಹಿಡಿಸ್ತು? ಹಾಡೋ, ಫೈಟೋ?”

“ಅದೆಲ್ಲ ಬಿಡಿ ಸಾರ್. ಕೊನೇದು. ಕೊನೇ ಸೀನಿಗೋಸ್ಕರ ಬರ್ತಿದ್ರು.”

ಟೋಪಿಯವರು ಮುಂದಕ್ಕೆ ಬಗ್ಗಿದರು. “ಕೊನೇ ಸೀನು? ಜನ ಅದನ್ನ ತಡ್ಕೊಂಡ್ರಾ?”

“ತಡ್ಕೊಳ್ಳೋದು ಎಲ್ಲಿಂದ ಸಾರ್, ಎಲ್ರೂ ಅಳೋರು. ಗಂಡಸರೂ ಅಳೋರು. ಕಣ್ಣೊರೆಸ್ಕೊಂಡು ಮಾರನೇ ದಿನ ಮತ್ತೆ ಬರೋರು.”

“ಆಮೇಲೆ? ಅದಾದ್ಮೇಲೆ ಏನನ್ನೋರು?”

“ಅದಾದ್ಮೇಲೆ ಏನು ಸಾರ್,” ಎಂದರು ಭಾವ. “ಅದಾದ್ಮೇಲೆ ಬಸ್ಸು.”

ಟೋಪಿಯವರು ಡಬ್ಬದಿಂದ ಎದ್ದರು. ಆಮೇಲೆ ಹೊರಗೆ ಹೋಗಿ ಫೋನಿನಲ್ಲಿ ನಿರ್ಮಾಪಕರಿಗೆ ಹೇಳುತ್ತಿದ್ದುದು ನಮಗೆ ಕೇಳಿಸಿತು: “ಸಾರ್, ಇಲ್ಲೊಬ್ಬರು ಜ್ಞಾನಿ ಸಿಕ್ಕಿದಾರೆ. ಮೆಟ್ಟಿಲ ಕೆಳಗೆ ಇರ್ತಾರೆ.”

ಹೀಗೆ ಭಾವ ಜ್ಞಾನಿಯಾದರು. ನಿರ್ಮಾಪಕರು ಕಾರು ಕಳಿಸಿದರು. ಊರಿನವರೆಲ್ಲ ಕಣ್ಣು ಬಾಯಿ ಬಿಟ್ಟುಕೊಂಡು ಆ ಕಾರನ್ನು ಸುತ್ತಿ ನೋಡಿದರು. ಟೀಚರಮ್ಮ ಕೂಡ ಹಳೆಯದನ್ನು ಮರೆತು, “ನಮ್ಮ ಬೀದಿಯವರು,” ಎಂದು ಯಾರಿಗೋ ಹೇಳಿದರು. ಅಕ್ಕ ಮಾತ್ರ ಕಾರಿನ ಕಿಟಕಿಯ ಹತ್ತಿರ ಬಂದು, “ರೀ, ಅಲ್ಲಿ ಹೋಗಿ ಜಾಸ್ತಿ ಮಾತಾಡ್ಬೇಡಿ. ಮಾತಾಡಿದ್ರೆ ನಾಲ್ಕು ಸಲ ಅನ್ನೋದು ಗೊತ್ತಾಗುತ್ತೆ,” ಎಂದಳು. ಭಾವ ಆಗಲೇ ಮಾತಾಡದೆ ಗಂಭೀರವಾಗಿ ಕೂತಿದ್ದರು. ನಾನು ಅವರ ಪಕ್ಕದಲ್ಲಿ, ಜ್ಞಾನಿಯ ಭಾವಮೈದುನನಿಗೆ ಒಪ್ಪುವ ಮುಖ ಮಾಡಿಕೊಂಡು ಕೂತೆ.

ನಿರ್ಮಾಪಕರದು ದೊಡ್ಡ ದೇಹ, ಸಣ್ಣ ದನಿ. ಅವರ ಆಫೀಸಿನಲ್ಲೇ ಒಂದು ಪುಟ್ಟ ಟಾಕೀಸಿತ್ತು. ನಾಲ್ಕೈದು ಸೋಫಾ, ಕಾಲಡಿ ಹುಲ್ಲಿನಷ್ಟು ಮೆತ್ತಗಿನ ಜಮಖಾನ. ಭಾವ ಹೊಸಲಿನಲ್ಲೇ ಚಪ್ಪಲಿ ಬಿಡಲು ಹೋಗಿ, ಕಳೆದುಹೋದೀತೆಂದು ಸೋಫಾದವರೆಗೆ ಹಾಕಿಕೊಂಡು ಬಂದು ಅಲ್ಲಿ ಬಿಟ್ಟರು. “ನಿಮ್ಮ ಪಕ್ಕ ಕೂತು ಆ ಹಳೇ ಪಿಕ್ಚರನ್ನ ಒಂದ್ಸಲ ಪೂರ್ತಿ ನೋಡ್ಬೇಕು ಅಂತ ನಂಗಾಸೆ,” ಎಂದರು ನಿರ್ಮಾಪಕರು. ದೀಪ ಆರಿತು.

ನಾನು ಬೀಗದ ಪಿಕ್ಚರನ್ನು ಮೊದಲ ಸಲ ನೋಡಿದ್ದು ಅಲ್ಲಿ. ಸುಳ್ಳು ಯಾಕೆ ಹೇಳಲಿ, ಕೊನೆಗೆ ಆ ಬೀಗ ಪರದೆ ತುಂಬಿಕೊಂಡಾಗ ನನ್ನ ಮೈ ಜುಮ್ಮೆಂದಿತು. ಕಟಕ್. ಗೇಟು ತೆರೆಯಿತು, ನಾಯಕನ ಮುಖದ ಮೇಲೆ ಬೆಳಕು ಬಿತ್ತು. ಭಾವ ಕಣ್ಣೊರೆಸಿಕೊಂಡು, ಪಿಕ್ಚರ್ ಮುಗಿಯಿತೆಂದು ಅಭ್ಯಾಸಬಲದಿಂದ ಎದ್ದು ಕಾಲಿನಿಂದ ಚಪ್ಪಲಿ ತಡವರಿಸಿದರು.

ಪರದೆ ಆರಲಿಲ್ಲ.

ನಾಯಕ ಹೆಂಡತಿಯ ಕಡೆಗೆ ಎರಡು ಹೆಜ್ಜೆ ಇಟ್ಟ. ಮರದ ಮರೆಯಲ್ಲಿ ಖಳನಾಯಕ ನಿಂತಿದ್ದ. ಢಂ.

ಭಾವನಿಗೆ ಆಗ ಒಂದೇ ಚಪ್ಪಲಿ ಸಿಕ್ಕಿತ್ತು. ಒಂಟಿ ಚಪ್ಪಲಿಯಲ್ಲಿ ನಿಂತು ಅವರು, “ಅಯ್ಯೋ ಅಣ್ಣಾ,” ಎಂದು ಕೂಗಿ ಕುಸಿದು ಕೂತರು. ಪರದೆಯ ಮೇಲೆ ನಾಯಕ ಒಂದು ಹಾಡಿನ ಉದ್ದಕ್ಕೂ ಸಾಯುತ್ತಿದ್ದ. ಆ ಹಾಡಿನ ಉದ್ದಕ್ಕೂ ಭಾವ ಸೋಫಾದ ಕೈ ಹಿಡಿದುಕೊಂಡು ಅತ್ತರು. ಅವರ ದುಃಖ ನಾಟಕವಲ್ಲ. ಹರೆಯದಿಂದ ಇವತ್ತಿನವರೆಗೆ ಹೆಂಡತಿಯ ಜೊತೆ ಎಲ್ಲೋ ಸುಖವಾಗಿದ್ದಾನೆ ಎಂದುಕೊಂಡಿದ್ದ ಮನುಷ್ಯ ಅವರ ಕಣ್ಣೆದುರೇ ಹೋಗಿಬಿಟ್ಟಿದ್ದ.

ದೀಪ ಹತ್ತಿದಾಗ ನಿರ್ಮಾಪಕರು ಪರದೆಯನ್ನು ನೋಡುತ್ತಿರಲಿಲ್ಲ, ಭಾವನನ್ನು ನೋಡುತ್ತಿದ್ದರು. ಕೈ ಮುಗಿಯುವುದೊಂದು ಬಾಕಿ.

“ನೋಡ್ರಯ್ಯಾ,” ಎಂದರು ಸಣ್ಣ ದನಿಯಲ್ಲಿ. “ನೂರು ಸಲ ನೋಡಿದ ಮನುಷ್ಯ. ನೂರ ಒಂದನೇ ಸಲ ಹೀಗೆ ಅಳ್ತಾನೆ. ಗುಟ್ಟು ಸಿಕ್ತು. ಇಡೀ ಪಿಕ್ಚರಿನ ಜೀವ ಆ ಗುಂಡಿನಲ್ಲಿದೆ.”

“ಒಂದು ಗುಂಡಿಗೇ ಇಷ್ಟು ಸಾರ್,” ಎಂದರು ಟೋಪಿಯವರು.

“ಮೂರು ಹೊಡೆಸಿ.”

ಭಾವ ಬಾಯಿ ತೆರೆದರು. ‘ಈ ಕೊನೇನ ನಾನು ನೋಡ್ತಿರೋದೇ ಮೊದಲ ಸಲ’ ಎಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ನೂರು ಸಲ ನೋಡಿದವನು ಕೊನೆಯನ್ನು ಒಮ್ಮೆಯೂ ನೋಡಿಲ್ಲ ಎಂದರೆ ಏನರ್ಥ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಬಾಯಿ ಮುಚ್ಚಿ ಇನ್ನೊಂದು ಚಪ್ಪಲಿ ಹುಡುಕಿದರು. ಅದನ್ನು ಸ್ವತಃ ನಿರ್ಮಾಪಕರೇ ಬಗ್ಗಿ ಎತ್ತಿಕೊಟ್ಟರು.

ಊರಿಗೆ ಬಂದ ಮೇಲೆ ಭಾವ ಮನೆಗೂ ಹೋಗದೆ ನೇರ ಬಸ್‌ಸ್ಟ್ಯಾಂಡಿಗೆ ಹೋದರು. ಟಾಕೀಸಿನ ಹಳೆಯ ಆಪರೇಟರ್ ತಾತ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಸಂಜೆಹೊತ್ತು ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಪಕ್ಕದ ಹಳ್ಳಿಯವರು, ಕೊನೇ ಬಸ್ಸಿಗೆ ಹೋಗುವುದು ಅವರ ಜೀವಮಾನದ ಅಭ್ಯಾಸ.

“ತಾತ, ಬೀಗದ ಪಿಕ್ಚರಲ್ಲಿ ಗೇಟು ತೆಗೆದ್ಮೇಲೆ ಏನಿತ್ತು?” ಎಂದರು ಭಾವ.

ತಾತ ಆಚೀಚೆ ನೋಡಿದರು. “ಇನ್ನೊಂದು ರೀಲಿತ್ತು ಕಣಪ್ಪ,” ಎಂದರು. “ಅದರಲ್ಲಿ ಏನಿತ್ತೋ ನಂಗೊತ್ತಿಲ್ಲ. ನಾನು ಆ ಡಬ್ಬದ ಮುಚ್ಚಳಾನೇ ತೆಗೀಲಿಲ್ಲ.”

“ಯಾಕೆ?”

“ಬಸ್ಸು ಹೋಗ್ಬಿಡ್ತಿತ್ತಲ್ಲ. ಮೊದಲ ದಿನ ಗೇಟು ತೆಗೆಯೋ ಹೊತ್ತಿಗೆ ಆಚೆ ಬಸ್ಸಿನ ಹಾರನ್ ಕೇಳಿಸ್ತು. ಮನೇಲಿ ಹೆಂಡ್ತಿ ಎಳೇ ಮಗು ಇಟ್ಕೊಂಡು ಒಬ್ಳೇ. ಆ ರೀಲು ಮುಗೀತಾ ಬಂದಿತ್ತು, ಜೈಲಿಂದ ಬಿಡುಗಡೆ ಆಯ್ತು, ಇನ್ನೇನಿರುತ್ತೆ ಅಂತ ಸ್ಲೈಡ್ ಹಾಕ್ಬಿಟ್ಟೆ. ಬೈತಾರೇನೋ ಅನ್ಕೊಂಡೆ. ಜನ ಚಪ್ಪಾಳೆ ಹೊಡೆದ್ರು. ಅರ್ಧ ಟಾಕೀಸು ಅದೇ ಬಸ್ಸಿನದು, ಎಲ್ರಿಗೂ ಬಸ್ಸು ಸಿಕ್ತು. ಮಾರನೇ ದಿನ ಇನ್ನೂ ಜಾಸ್ತಿ ಜನ ಬಂದ್ರು. ಆಮೇಲೆ ನಾನು ಯಾಕೆ ಹೇಳ್ಲಿ.”

ಭಾವ ತಾತನ ಪಕ್ಕ ಮೆಲ್ಲಗೆ ಕೂತರು. ನಾನೂ ಕೂತೆ. ಲೋಕವೆಲ್ಲ ತಿರಸ್ಕರಿಸಿದ ಪಿಕ್ಚರನ್ನು ಹೆಂಡತಿ ಮಗುವಿನ ನೆನಪಾದ ಒಬ್ಬ ಮನುಷ್ಯ ಬಸ್ಸು ಹಿಡಿಯುವ ಅವಸರದಲ್ಲಿ ನೂರು ದಿನ ಓಡಿಸಿದ್ದ. ಸಿನಿಮಾ ವಿದ್ಯೆ ಬಲ್ಲವರೆಲ್ಲ ಸೇರಿದರೂ ಆಗದ ಕೆಲಸ ಅದು. ಆ ಬೆಂಚಿನ ಮೇಲೆ ಕೂತಿದ್ದ ಕೃಶ ಮುದುಕರನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ ಎನ್ನಿಸಿತು.

ರಿಮೇಕ್ ತಯಾರಾಯಿತು. ಬಿಡುಗಡೆಯ ದಿನ ಸಂಜೆ ನಮ್ಮ ಟಾಕೀಸಿನ ಮುಂದೆ ಎಂದೂ ಕಾಣದ ಜನ. ಹಳ್ಳಿಗಳಿಂದ ಬಸ್ಸು ಭರ್ತಿಯಾಗಿ ಬಂತು. ಹಳೆಯದನ್ನು ನೋಡಿದ್ದ ಅಜ್ಜಿಯರು ಮೊಮ್ಮಕ್ಕಳಿಗೆ, “ಕೊನೇಲಿ ಗೇಟು ತೆಗೀತಾರೆ, ನೋಡ್ತಿರು,” ಎಂದು ಹೇಳಿಕೊಡುತ್ತಿದ್ದರು. ಟೇಪಿನವರು ಮುಂದಿನ ಸಾಲಿನಲ್ಲಿ, ಟೇಪು ಜೇಬಿನಲ್ಲಿಟ್ಟುಕೊಂಡು ಕೂತಿದ್ದರು. ಆಪರೇಟರ್ ತಾತನಿಗೆ ಯಜಮಾನರು ಕುರ್ಚಿ ಹಾಕಿಸಿದ್ದರು. ಅಕ್ಕ ಟೀಚರಮ್ಮನ ಪಕ್ಕ ಕೂತಿದ್ದಳು. ಇಷ್ಟು ಜನರ ಎದುರಿಗೆ, ಅವರು ಇಷ್ಟು ವರ್ಷ ಮನಸ್ಸಿನಲ್ಲಿ ಬದುಕಿಸಿಟ್ಟುಕೊಂಡಿದ್ದ ನಾಯಕನಿಗೆ ಮೂರು ಗುಂಡು ಬೀಳುವುದಿತ್ತು. ಅದು ಭಾವನಿಗೂ ನನಗೂ ಮಾತ್ರ ಗೊತ್ತಿತ್ತು.

“ಭಾವ, ಮಷಿನ್ ರೂಮಿಗೆ ಹೋಗಿ ನಿಲ್ಲಿಸಿ ಅಂದ್ರೆ?”

“ಯಜಮಾನರ ಅಳಿಯಂದಿರು ರೂಮಿಗೆ ಬೀಗ ಹಾಕ್ಕೊಂಡು ಒಳಗೆ ಕೂತಿದಾರೆ. ಈಗ ರೀಲಿಲ್ಲ ಕಣೋ, ಎಲ್ಲ ಕಂಪ್ಯೂಟರು. ಬಸ್ಸಿಗೆ ಹೋಗೋರೂ ಅಲ್ಲ, ಸ್ವಂತ ಸ್ಕೂಟರಿದೆ.”

ಅವರ ಕಣ್ಣು ಗೂಡಿನ ಪಕ್ಕದ ಗೋಡೆಯ ಕಡೆಗೆ ಹೋಯಿತು. ಅಲ್ಲಿ ಟಾಕೀಸಿನ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಬೀಗದ ಕೀ ಕಳೆದು ಯಾವ ಕಾಲವಾಯಿತೋ. ಯಜಮಾನರು ಆಗ ಭಾವನಿಂದಲೇ ಒಂದು ಕೀ ಮಾಡಿಸಿದ್ದರು. ಅದು ಯಜಮಾನರ ಆಫೀಸು, ಅಕೌಂಟೆಂಟರ ಮೇಜು, ಹೆಂಗಸರ ಕಕ್ಕಸು ಎಲ್ಲವನ್ನೂ ತೆಗೆಯಿತು, ಆ ಪೆಟ್ಟಿಗೆಯೊಂದನ್ನು ಬಿಟ್ಟು. ಅಂದಿನಿಂದ ಅದು ಗೂಡಿನ ಮೊಳೆಯ ಮೇಲೆ ತೂಗಾಡುತ್ತಿತ್ತು.

ಪಿಕ್ಚರ್ ಮುಕ್ಕಾಲು ಮುಗಿದಾಗ ನಾವಿಬ್ಬರೂ ಪೆಟ್ಟಿಗೆಯ ಮುಂದೆ ನಿಂತೆವು. ನಾನು ಟಾರ್ಚು ಹಿಡಿದಿದ್ದೆ. ಹಾಲಿನ ಬಾಗಿಲ ಪರದೆಯ ಸಂದಿಯಿಂದ ಸಿನಿಮಾ ಕಾಣುತ್ತಿತ್ತು. ಭಾವ ಕೀ ಹಾಕಿ ತಿರುಗಿಸಿದರು. ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟರು, ಊದಿದರು, ಅರ ತೆಗೆದುಕೊಂಡು ಒಂದು ಹಲ್ಲು ಉಜ್ಜಿದರು. ಇಲ್ಲ. ಒಳಗೆ ನಾಯಕಿ ಜೈಲಿನ ಕಡೆಗೆ ಓಡತೊಡಗಿದಳು. ಭಾವನ ಎಣ್ಣೆಗೈಯಿಂದ ಕೀ ಜಾರಿ ಕೆಳಗೆ ಬಿತ್ತು.

“ಭಾವ, ಬೀಗ ಬಂತು,” ಎಂದೆ ನಾನು. ಪರದೆ ತುಂಬ ಬೀಗ.

ಭಾವ ನೆಲ ತಡಕಿ ಕೀ ಎತ್ತಿ, ನೋಡದೆ, ಬಂದಂತೆ ಹಾಕಿದರು. ಪರದೆಯ ಮೇಲೆ ಕೀ ತಿರುಗಿತು. ಇಲ್ಲೂ ತಿರುಗಿತು. ಎರಡು ಕಟಕ್ ಒಟ್ಟಿಗೇ ಕೇಳಿಸಿದವು. ಇಷ್ಟು ವರ್ಷವೂ ಅವರು ಆ ಕೀಯನ್ನು ತಲೆಕೆಳಗಾಗಿ ಹಾಕುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ನಮ್ಮ ಭಾವ ಮಾಡಿದ ಕೀ, ಅದು ಯಾವ ಬೀಗಕ್ಕೆಂದು ಹುಟ್ಟಿತ್ತೋ ಅದೇ ಬೀಗವನ್ನು ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಳೆ ಯಾರು ಏನೇ ಅಂದರೂ ಇದಕ್ಕೆ ನಾನು ಸಾಕ್ಷಿ.

ಜೈಲಿನ ಗೇಟು ತೆರೆಯಿತು. ನಾಯಕನ ಮುಖದ ಮೇಲೆ ಬೆಳಕು ಬಿತ್ತು. ಭಾವ ಸ್ವಿಚ್ಚು ಕೆಳಗೆಳೆದರು.

ಕತ್ತಲು. ಒಂದು ಪಿಸುಮಾತೂ ಇಲ್ಲ. ಒಳಗಿನ ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟದ್ದು ಮೆಟ್ಟಿಲಡಿಯವರೆಗೆ ಕೇಳಿಸಿತು. ಹಿರಿಯರು ಹೇಳುತ್ತಿದ್ದ ಸದ್ದು ಅದೇ. ಆಗ ಹೊರಗೆ ಬಸ್ಸಿನ ಹಾರನ್ ಆಯಿತು. ಬಾಗಿಲ ಬಳಿಯಿದ್ದವರು ಯಾರೋ ಎದ್ದು ದೊಡ್ಡ ಬಾಗಿಲು ತೆರೆದರು. ಎದುರಿಗೆ ಕೊನೇ ಬಸ್ಸು ದೀಪ ಹಾಕಿಕೊಂಡು ನಿಂತಿತ್ತು. ಆ ಬೆಳಕು ಒಳಗಿನ ಎಲ್ಲರ ಮುಖದ ಮೇಲೆ ಬಿತ್ತು. ಒಬ್ಬರೂ ಅಲುಗಾಡಲಿಲ್ಲ. ಈಗಷ್ಟೇ ತಮಗೇ ಬಿಡುಗಡೆಯಾದವರ ಹಾಗೆ ಅವರು ಬಾಗಿಲ ಕಡೆ ನೋಡುತ್ತಿದ್ದರು.

ಆಮೇಲೆ ಚಪ್ಪಾಳೆ ಶುರುವಾಯಿತು.

“ಹಳೇದರ ಹಾಗೇ ಮುಗಿಸಿದಾರೆ. ಎಲ್ಲೂ ಕೆಡಿಸಿಲ್ಲ,” ಎನ್ನುತ್ತ ಅಜ್ಜಿಯರು ಕಣ್ಣೊರೆಸಿಕೊಂಡು ಬಸ್ಸಿನ ಕಡೆ ನಡೆದರು. ಟೇಪಿನವರು ಮೂಗು ಸೀಟುತ್ತ ಬಂದು ಭಾವನ ಮುಂದೆ ನಿಂತು, “ಎಂಥಾ ಪಿಕ್ಚರ್ ಕಣ್ರೀ,” ಎಂದರು. ಅವರ ಟೇಪು ಜೇಬಿನಿಂದ ಬಿದ್ದು ಹಿಂದೆ ಬಿಚ್ಚಿಕೊಳ್ಳುತ್ತ ಬರುತ್ತಿದ್ದುದು ಅವರಿಗೆ ಗೊತ್ತಾಗಲಿಲ್ಲ. ಆಪರೇಟರ್ ತಾತ ನಮ್ಮ ಮುಂದೆ ಒಂದು ಕ್ಷಣ ನಿಂತು, ತೆರೆದ ಪೆಟ್ಟಿಗೆ ನೋಡಿ, ಭಾವನ ಬೆನ್ನು ತಟ್ಟಿ ಬಸ್ಸು ಹತ್ತಿದರು.

ಕೊನೆಯಲ್ಲಿ ಯಜಮಾನರು ಬಂದರು. ಸಿಟ್ಟಿನಿಂದಲೇ ಹೊರಟಿದ್ದರು, ಕರೆಂಟು ಹೋಗಿದ್ದು ಟಾಕೀಸಿಗೆ ಮಾತ್ರ ಎಂದು ಅವರಿಗೆ ತಿಳಿದಿತ್ತು. ಆದರೆ ಮೆಟ್ಟಿಲಿಳಿಯುವಷ್ಟರಲ್ಲಿ ಜನರ ಮಾತು ಕಿವಿಗೆ ಬಿದ್ದಿತ್ತು. ಅವರು ಪೆಟ್ಟಿಗೆ ನೋಡಿದರು, ಭಾವನ ಕೈಯಲ್ಲಿದ್ದ ಕೀ ನೋಡಿದರು. ಭಾವ ಎಲ್ಲವನ್ನೂ ಒಪ್ಪಿಕೊಂಡರು. ಗುಂಡು, ರೀಲು, ಬಸ್ಸು, ನೂರಲ್ಲ ನಾಲ್ಕು ಸಲ, ಅದರಲ್ಲಿ ಎರಡು ಸಲ ನಿದ್ದೆ. ಅಕ್ಕ ಪಕ್ಕದಲ್ಲೇ ನಿಂತು ಮೊದಲ ಬಾರಿಗೆ ಏನನ್ನೂ ತಿದ್ದಲಿಲ್ಲ.

ಯಜಮಾನರು ಸ್ವಿಚ್ಚನ್ನು ತಾವೇ ಮೇಲೆತ್ತಿದರು. “ನಾಳೆನೂ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗ್ಲಿ,” ಎಂದು ಹೇಳಿ ಮೇಲೆ ಹೋದರು.

ರಿಮೇಕ್ ಎಲ್ಲ ಊರುಗಳಲ್ಲೂ ಮೂರು ಗುಂಡಿಗೆ ಮೂರೇ ದಿನ ಓಡಿತು. ನಮ್ಮೂರಿನಲ್ಲಿ ನೂರು ದಿನ. ಬೇರೆ ಊರಿನವರಿಗೆ ರುಚಿ ಇಲ್ಲ ಎಂದು ನಮ್ಮವರು ಈಗಲೂ ಹೇಳುತ್ತಾರೆ. ಟಾಕೀಸು ಉಳಿಯಿತು, ಗೂಡೂ ಉಳಿಯಿತು. ನೂರನೇ ದಿನದ ಆಟ ಮುಗಿಯುವ ಹೊತ್ತಿಗೆ ಟೋಪಿಯವರು ಮತ್ತೆ ಬಂದು ಬೀಗದ ಡಬ್ಬದ ಮೇಲೆ ಕೂತರು. ಅವತ್ತು ತಲೆಯ ಮೇಲೆ ಟೋಪಿ ಇರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಭಕ್ತಿಯಿಂದ ಕೇಳಿದರು:

“ನಿರ್ಮಾಪಕರಿಗೆ ಮತ್ತೆ ನಿದ್ದೆ ಇಲ್ಲ. ನಿಮ್ಮೂರಲ್ಲಿ ಮಾತ್ರ ಹೇಗೆ? ಹೇಳಿ ಸಾರ್, ಆ ಮೂರನೇ ಗುಂಡು ಜನಕ್ಕೆ ಹಿಡಿಸ್ತಾ?”

ಭಾವ ಮೊಳೆಯ ಮೇಲಿನ ಕೀಯನ್ನು ಒಮ್ಮೆ ನೋಡಿದರು. ಈ ಸಲ ಅವರು ಒಂದು ಸುಳ್ಳನ್ನೂ ಹೇಳಲಿಲ್ಲ.

“ನಮ್ಮೂರಲ್ಲಿ ಆ ಗುಂಡಿನ ಬಗ್ಗೆ ಒಬ್ಬರೂ ಒಂದು ಕೆಟ್ಟ ಮಾತಾಡಿಲ್ಲ ಸಾರ್.”

“ಕೊನೇ ಸೀನು ನೋಡಿ ಅತ್ತರಾ?”

“ಎಲ್ರೂ.”

“ಅದಾದ್ಮೇಲೆ?”

ಹೊರಗೆ ಹಾರನ್ ಆಯಿತು. ಭಾವ ಎದ್ದು ಪೆಟ್ಟಿಗೆಯ ಕಡೆ ಕೈ ಚಾಚಿದರು.

“ಅದಾದ್ಮೇಲೆ ಬಸ್ಸು ಸಾರ್.”